ಮಗ್ಗ, ಗಾಣ, ಬ್ಯಾರೇಜು: ಬೀಳಗಿ ಸೀಮೆಯಲ್ಲಿ ಅರ್ಥಶಾಸ್ತ್ರದ ಮೊದಲ ಪಾಠಗಳು

ಬೀಳಗಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ತಾಲೂಕುಗಳ ಬಹುಪಾಲು ನೆಲ ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವೆ ಹರಡಿಕೊಂಡಿದೆ. ಎರಡು ದೊಡ್ಡ ಹೊಳೆಗಳಿದ್ದರೂ ಶತಮಾನಗಳ ಕಾಲ ಇದು ಬರದ ಸೀಮೆಯೇ ಆಗಿತ್ತು. ಹೊಳೆ ತಗ್ಗಿನಲ್ಲಿ ಹರಿಯುತ್ತಿತ್ತು, ದಂಡೆಯ ಮೇಲಿನ ಎರೆಹೊಲ ಮುಗಿಲು ನೋಡುತ್ತಿತ್ತು. ವರ್ಷಕ್ಕೆ 600 ಮಿಲಿಮೀಟರ್ ಮುಟ್ಟದ ಮಳೆಯಲ್ಲಿ ರೈತ ಏನು ಬಿತ್ತಬೇಕೆಂದು ನಿರ್ಧರಿಸಬೇಕಿತ್ತು. ಬಿಳಿಜೋಳ ಬಿತ್ತಿದರೆ ಮನೆಗೆ ರೊಟ್ಟಿ, ದನಕ್ಕೆ ಕಣಿಕೆ ಸಿಗುತ್ತಿತ್ತು. ಹತ್ತಿ ಬಿತ್ತಿದರೆ ಕೈಗೆ ರೊಕ್ಕ ಬರುತ್ತಿತ್ತು. ಒಂದೇ ಹೊಲದಲ್ಲಿ, ಒಂದೇ ಹಂಗಾಮಿನಲ್ಲಿ ಎರಡನ್ನೂ ಪೂರ್ತಿಯಾಗಿ ಪಡೆಯುವಂತಿರಲಿಲ್ಲ. ಹತ್ತಿ ಬೆಳೆದವನು ಬೀಜ ಮತ್ತು ದುಡಿಮೆಯ ಜೊತೆಗೆ ಬೆಳೆಯದೆ ಬಿಟ್ಟ ಜೋಳವನ್ನೂ ಬೆಲೆಯಾಗಿ ತೆರುತ್ತಿದ್ದ. ಪಠ್ಯಪುಸ್ತಕಗಳು ಇದನ್ನು ಅವಕಾಶ ವೆಚ್ಚ ಎನ್ನುತ್ತವೆ. ಸಾಧನ ಕಡಿಮೆ, ಬೇಕುಗಳು ಹೆಚ್ಚು, ಆದ್ದರಿಂದ ಆಯ್ಕೆ ತಪ್ಪದು ಎಂಬಲ್ಲಿಂದಲೇ ಅರ್ಥಶಾಸ್ತ್ರ ಶುರುವಾಗುತ್ತದೆ. ಅದನ್ನು ಹೊಸದಾಗಿ ಕಲಿಯುವವರಿಗೆ ಈ ಸೀಮೆಯ ಚರಿತ್ರೆ ಒಳ್ಳೆಯ ದಾರಿ. ಶಾಸ್ತ್ರದ ಮೂಲ ಸೂತ್ರಗಳೆಲ್ಲ ಇಲ್ಲಿ ಒಂದಲ್ಲ ಒಂದು ಕಾಲದಲ್ಲಿ ಜನರ ಬದುಕಿನಲ್ಲೇ ನಡೆದುಹೋಗಿವೆ.

ಕೊರತೆಗೆ ಊರು ಕಂಡುಕೊಂಡ ಮೊದಲ ಉತ್ತರ ಕೂಡಿಡುವುದು. ನೆಲದೊಳಗೆ ಹಗೇವು ತೋಡಿ, ಒಳಗೆಲ್ಲ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮುಚ್ಚಿದರೆ ಕಾಳು ವರ್ಷಗಟ್ಟಲೆ ಉಳಿಯುತ್ತಿತ್ತು. ಇಂದಿನ ಊಟದಲ್ಲಿ ಒಂದಿಷ್ಟನ್ನು ಬಿಟ್ಟು ನಾಳೆಗಿಡುವುದೇ ಉಳಿತಾಯ. ತುಂಬಿದ ಹಗೇವು ಬರಗಾಲದಲ್ಲಿ ಮನೆತನವನ್ನು ಕಾಯುತ್ತಿತ್ತು. ಎರಡು ಮಳೆ ಸತತವಾಗಿ ಕೈಕೊಟ್ಟಾಗ, ಹಗೇವು ಇದ್ದವನಿಗೂ ಇಲ್ಲದವನಿಗೂ ನಡುವಿನ ಅಂತರ ಜೀವದ ಅಂತರವೇ ಆಗಿಬಿಡುತ್ತಿತ್ತು.

ಎರಡನೆಯ ಉತ್ತರ ಕೆಲಸ ಹಂಚಿಕೊಳ್ಳುವುದು. ಹಳ್ಳಿಯ ಬಡಿಗ, ಕಂಬಾರ, ಕುಂಬಾರ, ಅಗಸ, ನಾವಿದ, ತಳವಾರರು ವರ್ಷವಿಡೀ ರೈತನ ಕೆಲಸ ಮಾಡಿಕೊಟ್ಟು ಸುಗ್ಗಿಯಲ್ಲಿ ಕಣಕ್ಕೆ ಬಂದು ಕಾಳಿನ ಪಾಲು ಒಯ್ಯುತ್ತಿದ್ದರು. ಇದು ಆಯದ ಪದ್ಧತಿ, ಪಾಲು ಪಡೆಯುವವರು ಆಯಗಾರರು. ಕುಂಟೆ ಮುರಿದ ದಿನ ರೈತನ ಬಳಿ ಕೊಡಲು ಏನೂ ಇರದಿದ್ದರೂ ಬಡಿಗ ಅದನ್ನು ಕೂಡಿಸಿಕೊಡುತ್ತಿದ್ದ, ಲೆಕ್ಕ ಕಣದಲ್ಲಿ ತೀರುತ್ತಿತ್ತು. ನಾಣ್ಯವಿಲ್ಲದ ವಿನಿಮಯ ಎಂದು ಮಾತ್ರ ಇದನ್ನು ವಿವರಿಸಿದರೆ ಅರ್ಧ ಹೇಳಿದಂತಾಗುತ್ತದೆ. ಆಯವು ಸಾಲವೂ ಆಗಿತ್ತು, ವಿಮೆಯೂ ಆಗಿತ್ತು. ಆದರೆ ಪಾಲಿನ ಅಳತೆ ಕೆಲಸವನ್ನು ನೋಡಿ ನಿರ್ಧಾರವಾಗುತ್ತಿರಲಿಲ್ಲ, ಹುಟ್ಟು ಮತ್ತು ಸಂಪ್ರದಾಯ ಅದನ್ನು ಕಟ್ಟಿಹಾಕಿದ್ದವು. ಒಳ್ಳೆಯ ಕಂಬಾರನಿಗೆ ಹೆಚ್ಚು ಸಿಗುತ್ತಿರಲಿಲ್ಲ. ಬೇರೆ ಕಸುಬು ಹಿಡಿಯುವ ಸ್ವಾತಂತ್ರ್ಯವೂ ಇರಲಿಲ್ಲ. ಭದ್ರತೆಯ ಜೊತೆಗೇ ಬಂದ ಈ ಬಂಧನದ ಭಾರವನ್ನು ಕೆಳಜಾತಿಗಳೇ ಹೊತ್ತವು.

ಹಳ್ಳಿಯಾಚೆಗಿನ ವ್ಯಾಪಾರ ಇನ್ನೊಂದು ಜಗತ್ತು. ಇಂದಿನ ಬಾಗಲಕೋಟೆ ಜಿಲ್ಲೆಯಲ್ಲೇ ಇರುವ ಐಹೊಳೆ, ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘದ ಮೂಲಸ್ಥಾನ. ಈ ಸಂಘದ ಹೆಸರು ದಕ್ಷಿಣ ಭಾರತದುದ್ದಕ್ಕೂ ಶಾಸನಗಳಲ್ಲಿ ದೊರೆಯುತ್ತದೆ. ಸುಮಾತ್ರಾ ದ್ವೀಪದ ಬರೂಸಿನಲ್ಲಿಯೂ ಇದನ್ನು ಹೆಸರಿಸುವ 1088ರ ತಮಿಳು ಶಾಸನವೊಂದು ಸಿಕ್ಕಿದೆ. 12ನೆಯ ಶತಮಾನದ ತೇರದಾಳದ ಶಾಸನಗಳಲ್ಲೂ ಈ ಐನೂರ್ವರ ಉಲ್ಲೇಖವಿದೆ. ದೂರದ ವ್ಯಾಪಾರಕ್ಕೆ ಸರಕು, ಎತ್ತು, ಹೇರುಗಳಷ್ಟೇ ಸಾಲದು. ಅಪರಿಚಿತ ಊರಿನಲ್ಲಿ ಕೊಟ್ಟ ಮಾತು ನಡೆಯಬೇಕು, ತೂಕ ಸರಿ ಇರಬೇಕು, ಮೋಸ ಮಾಡಿದವನಿಗೆ ಶಿಕ್ಷೆಯಾಗಬೇಕು. ವರ್ತಕ ಸಂಘ ಒದಗಿಸುತ್ತಿದ್ದ ದೊಡ್ಡ ಬಂಡವಾಳ ಈ ನಂಬಿಕೆಯೇ. ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ 10ನೆಯ ಶತಮಾನದಲ್ಲಿ ಹುಟ್ಟಿದ ರನ್ನ ಚಾಲುಕ್ಯ ಚಕ್ರವರ್ತಿಯ ಆಸ್ಥಾನಕವಿಯಾದ. ಹಳ್ಳಿಯ ಕಟ್ಟುಪಾಡಿನಾಚೆ ಕಸುಬಿನ ಮನೆಯಿಂದ ಅರಮನೆಗೂ ಒಮ್ಮೊಮ್ಮೆ ದಾರಿ ಇತ್ತು ಎಂಬುದಕ್ಕೆ ಇದು ಸಾಕ್ಷಿ.

ಮರಾಠರ ಆಳ್ವಿಕೆಯಲ್ಲಿ ಬಾಗಲಕೋಟೆಯಲ್ಲಿ ಟಂಕಸಾಲೆ ಇತ್ತು. ಅಲ್ಲಿ ಅಚ್ಚಾದ ರೂಪಾಯಿಗೆ ಮಲ್ಹಾರಶಾಹಿ ಎಂಬ ಹೆಸರಿತ್ತು. ಒಂದೊಂದು ಟಂಕಸಾಲೆಯ ರೂಪಾಯಿಗೆ ಒಂದೊಂದು ತೂಕ, ಒಂದೊಂದು ಶುದ್ಧತೆ ಇದ್ದುದರಿಂದ ಸಂತೆಗೆ ಬಂದವನು ಮೊದಲು ಶರಾಫನ ಬಳಿ ಹೋಗಿ ವಟ್ಟ ಕೊಟ್ಟು ನಾಣ್ಯ ಬದಲಿಸಿಕೊಳ್ಳಬೇಕಿತ್ತು. ಹಣ ಮೂರು ಕೆಲಸ ಮಾಡುತ್ತದೆ: ಕೊಡುಕೊಳ್ಳುವ ಸಾಧನವಾಗುತ್ತದೆ, ಬೆಲೆಯ ಅಳತೆಗೋಲಾಗುತ್ತದೆ, ಮೌಲ್ಯವನ್ನು ಕೂಡಿಡುತ್ತದೆ. ಅಳತೆಗೋಲೇ ಊರಿಗೊಂದು ಬಗೆಯದಾದಾಗ ಪ್ರತಿ ವ್ಯಾಪಾರಕ್ಕೂ ಸಣ್ಣದೊಂದು ದಂಡ ಬಿದ್ದಂತೆಯೇ. ಕಂಪನಿ ಸರಕಾರ 1835ರಲ್ಲಿ ಒಂದೇ ತೂಕದ ಬೆಳ್ಳಿ ರೂಪಾಯಿ ತಂದ ಮೇಲೆ ಶರಾಫನ ವಟ್ಟ ಕ್ರಮೇಣ ಇಲ್ಲವಾಯಿತು.

ಈ ಸೀಮೆಯ ಆರ್ಥಿಕ ಚರಿತ್ರೆಯ ನಡುಮನೆ ಮಗ್ಗದ್ದು. ರಬಕವಿ, ಬನಹಟ್ಟಿ, ರಾಂಪುರ, ಮಹಾಲಿಂಗಪುರ, ತೇರದಾಳಗಳಲ್ಲಿ ಹಟಗಾರರೂ ಇತರ ನೇಕಾರ ಸಮುದಾಯಗಳೂ ತಲೆಮಾರುಗಳಿಂದ ಸೀರೆ, ಖಣ, ಧೋತರ ನೇಯ್ದಿದ್ದಾರೆ. ಒಂದು ಸೀರೆ ಒಬ್ಬನ ಕೈಯ ಕೆಲಸವಲ್ಲ. ನೂಲು ತರುವವನೊಬ್ಬ, ಬಣ್ಣ ಹಾಕುವವನೊಬ್ಬ, ಗಂಜಿ ಹಚ್ಚಿ ಹಾಸು ಹೂಡುವವರು ಮತ್ತೊಬ್ಬರು. ಮನೆಯ ಹೆಂಗಸರು, ಮುದುಕರು, ಮಕ್ಕಳು ರಾಟಿಗೆ ಕೂತು ಹೊಕ್ಕಿನ ಕಂಡಿಕೆ ಸುತ್ತುತ್ತಾರೆ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರ ಲಾಳಿ ಎಸೆಯುತ್ತಾನೆ. ಆ್ಯಡಂ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ಗುಂಡುಸೂಜಿ ಕಾರ್ಖಾನೆಯ ಉದಾಹರಣೆ ಕೊಟ್ಟು ವಿವರಿಸಿದ ಶ್ರಮವಿಭಜನೆ ಬನಹಟ್ಟಿಯ ಓಣಿಗಳಲ್ಲಿ ಗೋಡೆಗಳಿಲ್ಲದ ಕಾರ್ಖಾನೆಯಂತೆ ನಡೆಯುತ್ತಿತ್ತು. ಒಂದೇ ಕೆಲಸವನ್ನು ದಿನವೂ ಮಾಡುವ ಕೈ ಪಳಗುತ್ತದೆ, ಹೊತ್ತು ಉಳಿಯುತ್ತದೆ. ಒಂದು ಕಸುಬಿನವರು ಒಂದೆಡೆ ನೆಲೆಸಿದಾಗ ನೂಲಿನ ಅಂಗಡಿ, ಬಣ್ಣದ ಭಟ್ಟಿ, ಮಗ್ಗ ರಿಪೇರಿಯ ಬಡಿಗ, ಸೀರೆ ಕೊಳ್ಳುವ ವ್ಯಾಪಾರಿ ಎಲ್ಲರೂ ಅಲ್ಲಿಗೇ ಬರುತ್ತಾರೆ. ಹೊಸಬ ನೇಕಾರನಿಗೂ ಆ ಊರೇ ಸಲೀಸು. ರಬಕವಿ ಮತ್ತು ಬನಹಟ್ಟಿಯಂಥ ಅಕ್ಕಪಕ್ಕದ ಊರುಗಳು ಒಂದೇ ಕಸುಬಿನಿಂದ ಬೆಳೆದುದಕ್ಕೆ ಇದು ಕಾರಣ.

ಆದರೆ ಸೀರೆಯ ಬೆಲೆಯಲ್ಲಿ ಯಾರ ಪಾಲೆಷ್ಟು ಎಂಬುದನ್ನು ಕೈಚಳಕ ನಿರ್ಧರಿಸಲಿಲ್ಲ. ನೂಲು ಕೊಂಡ ದಿನಕ್ಕೂ ಸೀರೆ ಮಾರಿದ ದಿನಕ್ಕೂ ನಡುವೆ ವಾರಗಳು ಕಳೆಯುತ್ತವೆ. ಆ ಅವಧಿಯಲ್ಲಿ ಮನೆ ನಡೆಯಬೇಕು. ಅದಕ್ಕೆ ಬೇಕಾದ ಹಣವೇ ದುಡಿಯುವ ಬಂಡವಾಳ. ಅದು ನೇಕಾರನ ಬಳಿ ಇರಲಿಲ್ಲ, ಸಾವಕಾರನ ಬಳಿ ಇತ್ತು. ಸಾವಕಾರ ನೂಲನ್ನು ತಾನೇ ಕೊಟ್ಟು, ನೇಯ್ದ ಸೀರೆಯನ್ನು ತಾನೇ ಒಯ್ದು, ಸೀರೆಗಿಷ್ಟು ಎಂದು ಕೂಲಿ ಕೊಡುವ ವ್ಯವಸ್ಥೆ ಬೇರೂರಿತು. ಮದುವೆಗೋ ಜಡ್ಡಿಗೋ ಪಡೆದ ಮುಂಗಡ ಕೂಲಿಯಲ್ಲಿ ಮುರಿಯುತ್ತಿತ್ತು. ಬಾಕಿ ತೀರುವ ತನಕ ನೇಕಾರ ಬೇರೆಯವರಿಗೆ ನೇಯುವಂತಿರಲಿಲ್ಲ. ಮಾರುಕಟ್ಟೆ ಬಿದ್ದರೆ ನಷ್ಟದ ಹೊಡೆತ ತಿನ್ನುವವನು ತಾನೆಂಬುದು ಸಾವಕಾರನ ವಾದವಾಗಿತ್ತು. ಅದರಲ್ಲಿ ಸತ್ಯವಿದೆ. ಬಂಡವಾಳ ಹೂಡಿದವನು ಅಪಾಯವನ್ನೂ ಹೊರುತ್ತಾನೆ. ಆದರೂ ಬಿಟ್ಟುಹೋಗುವ ದಾರಿ ಇಲ್ಲದವನ ಜೊತೆ ನಡೆಯುವ ಕೂಲಿಯ ಚೌಕಾಸಿ ಸಮಬಲರ ಚೌಕಾಸಿಯಲ್ಲ. ಮಾರುಕಟ್ಟೆಯ ಬೆಲೆ ಬೇಡಿಕೆ-ಪೂರೈಕೆಗಳಿಂದ ಹುಟ್ಟುತ್ತದೆ ಎಂದು ಕಲಿತವರು ಅದರ ಪಕ್ಕದಲ್ಲೇ ಈ ಮಾತನ್ನೂ ಕಲಿಯಬೇಕು. ಸಾಲದ ಕಟ್ಟು ಕೂಲಿಯ ಬೆಲೆಯನ್ನು ಕೆಳಗೆ ಹಿಡಿದಿಡಬಲ್ಲದು.

19ನೆಯ ಶತಮಾನದ ನಡುವಿಗೆ ಬೆಲೆಯ ಇನ್ನೊಂದು ಪಾಠ ಸಾವಿರಾರು ಮೈಲು ದೂರದಿಂದ ಬಂತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತಿತು. ಲಿವರ್‌ಪೂಲಿನ ಕೊರತೆ ಧಾರವಾಡ, ಕಲಾದಗಿ ಸೀಮೆಯ ಎರೆಹೊಲಗಳಲ್ಲಿ ಬೆಲೆಯಾಗಿ ಕಾಣಿಸಿತು. ಹತ್ತಿಯ ದರ ಹಿಂದೆಂದೂ ಕಾಣದಷ್ಟು ಏರಿತು, ಜೋಳದ ಹೊಲಗಳು ಹತ್ತಿಗೆ ತಿರುಗಿದವು. ಕಲಬೆರಕೆ ಎಷ್ಟು ಹೆಚ್ಚಿತೆಂದರೆ ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ಮೋಸ ತಡೆಯುವ ಕಾಯಿದೆಯನ್ನೇ ತಂದಿತು. 1865ರಲ್ಲಿ ಯುದ್ಧ ಮುಗಿದೊಡನೆ ದರ ಕುಸಿಯಿತು. ಏರಿದ ದರವನ್ನೇ ನಂಬಿ ಸಾಲ ಮಾಡಿದವರು ಸಿಕ್ಕಿಬಿದ್ದರು. ರೈತನಿಗೆ ಲಾಭ ತಂದ ಅದೇ ದರ ಹತ್ತಿ ಕೊಂಡು ನೂಲುವವರಿಗೆ, ನೂಲು ಕೊಂಡು ನೇಯುವವರಿಗೆ ಖರ್ಚು. ಒಬ್ಬನ ಗಳಿಕೆ ಇನ್ನೊಬ್ಬನ ವೆಚ್ಚವಾಗುವುದನ್ನು ಇಷ್ಟು ಹತ್ತಿರದಿಂದ ತೋರಿಸುವ ಉದಾಹರಣೆ ಅಪರೂಪ.

ಹತ್ತು ವರ್ಷ ಕಳೆದು ಸ್ವಲ್ಪದರಲ್ಲೇ 1876–78ರ ಮಹಾಬರ ಬಂತು. ಬೀಳಗಿ, ಬಾಗಲಕೋಟೆಗಳನ್ನೊಳಗೊಂಡ ಅಂದಿನ ಕಲಾದಗಿ ಜಿಲ್ಲೆಯಲ್ಲಿ 1872ರ ಜನಗಣತಿಯ ವೇಳೆ ಸುಮಾರು 8 ಲಕ್ಷ 16 ಸಾವಿರ ಜನರಿದ್ದರು. 1881ರ ಗಣತಿಗೆ ಉಳಿದವರು ಸುಮಾರು 6 ಲಕ್ಷ 38 ಸಾವಿರ. ಸತ್ತವರೂ ಗುಳೆ ಹೋದವರೂ ಈ ಕೊರತೆಯಲ್ಲಿ ಸೇರಿದ್ದಾರೆ. ಬೆಳೆ ಹೋದದ್ದು ನಿಜ. ಆದರೆ ಬರದಲ್ಲಿ ಯಾರು ಮೊದಲು ಬೀಳುತ್ತಾರೆ ಎಂದು ಕೇಳಿದಾಗ ಮಳೆಯ ಲೆಕ್ಕ ಸಾಕಾಗುವುದಿಲ್ಲ. ಜೋಳದ ದರ ಏರಿದಾಗ ಜನ ಮೊದಲು ಬಿಡುವುದು ಹೊಸ ಬಟ್ಟೆ. ಸೀರೆ ಕೊಳ್ಳುವವರಿಲ್ಲದೆ ಮಗ್ಗ ನಿಲ್ಲುತ್ತದೆ. ನೇಕಾರನ ಹೊಲದಲ್ಲಿ ಬೆಳೆ ಒಣಗಿಲ್ಲ, ಅವನಿಗೆ ಹೊಲವೇ ಇಲ್ಲ. ಆದರೂ ಅವನ ಗಳಿಕೆ ಒಣಗುತ್ತದೆ, ಅದೇ ವೇಳೆಗೆ ರೊಟ್ಟಿಯ ಬೆಲೆ ಏರುತ್ತದೆ. ಎರಡು ಬದಿಯಿಂದಲೂ ಹೊಡೆತ ಅವನಿಗೇ. ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ ಸಾಧಿಸಿ ತೋರಿಸಿದ ವಿಚಾರ ಇದೇ: ಆಹಾರ ಇರುವುದು ಬೇರೆ, ಅದನ್ನು ಪಡೆಯುವ ಶಕ್ತಿ ಜನರಿಗಿರುವುದು ಬೇರೆ.

ಅಂದಿನ ಸರಕಾರ ಧಾನ್ಯದ ವ್ಯಾಪಾರದಲ್ಲಿ ಕೈಹಾಕಬಾರದೆಂಬ ತತ್ವಕ್ಕೆ ಅಂಟಿಕೊಂಡಿತು. ದರ ಏರಿದರೆ ವ್ಯಾಪಾರಿಗಳೇ ಹೊರಗಿನಿಂದ ಕಾಳು ತರುತ್ತಾರೆಂಬುದು ಅದರ ಲೆಕ್ಕ. ಕೈಯಲ್ಲಿ ರೊಕ್ಕವಿರುವ ಕಡೆ ಆ ಲೆಕ್ಕ ಸರಿ. ರೊಕ್ಕವೇ ಇಲ್ಲದ ಊರಿನ ಹಸಿವು ಮಾರುಕಟ್ಟೆಗೆ ಬೇಡಿಕೆಯಾಗಿ ಕಾಣುವುದೇ ಇಲ್ಲ. ಅದನ್ನು ಕಾಣಿಸುವ ಉಪಾಯ ಕೂಲಿ ಕೊಡುವುದು. ಪರಿಹಾರ ಕಾಮಗಾರಿಗಳನ್ನು ತೆರೆದದ್ದು ಅದಕ್ಕಾಗಿ. ಆದರೆ 1877ರಲ್ಲಿ ಸರಕಾರದ ಪ್ರತಿನಿಧಿಯಾಗಿ ಬರ ಪರಿಶೀಲಿಸಲು ಬಂದ ಸರ್ ರಿಚರ್ಡ್ ಟೆಂಪಲ್ ಕೂಲಿಯನ್ನು ದಿನಕ್ಕೆ ಸುಮಾರು ಒಂದು ಪೌಂಡ್, ಅಂದರೆ 450 ಗ್ರಾಂ ಧಾನ್ಯದ ಲೆಕ್ಕಕ್ಕೆ ಇಳಿಸಿದ. ಕಲ್ಲು ಒಡೆಯುವ ದೇಹಕ್ಕೆ ಅದು ಸಾಲದೆಂಬುದು ಅಂದೇ ಗೊತ್ತಿತ್ತು. ಇದು ಉಳಿತಾಯವಾಗಿರಲಿಲ್ಲ, ಅನ್ಯಾಯವಾಗಿತ್ತು.

ಬರದ ಅನುಭವದಿಂದ ಹುಟ್ಟಿದ ಗದಗ–ಹೊಟಗಿ ರೈಲು ಮಾರ್ಗ 1884ರಲ್ಲಿ ಬಾಗಲಕೋಟೆ, ವಿಜಯಪುರಗಳ ಮೂಲಕ ಓಡತೊಡಗಿತು. ಸಾಗಣೆಯ ಖರ್ಚು ಇಳಿದಷ್ಟೂ ದೂರದ ಎರಡು ಪೇಟೆಗಳ ದರಗಳು ಹತ್ತಿರವಾಗುತ್ತವೆ. ಕಾಳು ಬೇಗ ಬಂತು. ಅದೇ ಕಾಲದಲ್ಲಿ ಮುಂಬಯಿ, ಸೊಲ್ಲಾಪುರಗಳ ಗಿರಣಿ ನೂಲೂ ಬಂತು. ಮನೆಮನೆಯಲ್ಲಿ ನೂಲುತ್ತಿದ್ದ ಹೆಂಗಸರ ರಾಟಿ ನಿಂತಿತು, ಮಗ್ಗಕ್ಕೆ ಅಗ್ಗದ ನೂಲು ಸಿಕ್ಕಿತು. ಆ ಹೆಂಗಸರ ನಷ್ಟವನ್ನು ಯಾರೂ ಲೆಕ್ಕ ಹಿಡಿಯಲಿಲ್ಲ. ಜಮಖಂಡಿ ಭಾಗಕ್ಕೆ ಮಾತ್ರ ರೈಲು ಬರಲೇ ಇಲ್ಲ. ಬಾಗಲಕೋಟೆ–ಕುಡಚಿ ಮಾರ್ಗಕ್ಕೆ ಮಂಜೂರಾತಿ ದೊರೆತದ್ದು 21ನೆಯ ಶತಮಾನದಲ್ಲಿ.

1948ರ ತನಕ ಈ ಚಿಕ್ಕ ಸೀಮೆಯಲ್ಲಿ ನಾಲ್ಕು ಆಡಳಿತಗಳಿದ್ದವು. ಬೀಳಗಿ ಮುಂಬಯಿ ಪ್ರಾಂತದ್ದು, 1947ರ ತನಕ ಬ್ರಿಟಿಷರದು. ಬನಹಟ್ಟಿ ಜಮಖಂಡಿಯ ಪಟವರ್ಧನರದು. ಕೂಗಳತೆಯ ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಮಹಾಲಿಂಗಪುರ ಮುಧೋಳದ ಘೋರ್ಪಡೆಯವರ ಕೈಯಲ್ಲಿತ್ತು. ನೂಲು, ಸೀರೆ, ಸಾಲ, ಸಂಬಂಧ ಎಲ್ಲವೂ ಗಡಿ ದಾಟುತ್ತಿದ್ದವು. ಕಂದಾಯದ ಕಟ್ಟಳೆ, ಕೋರ್ಟಿನ ಆಜ್ಞೆ ಮಾತ್ರ ದಾಟುತ್ತಿರಲಿಲ್ಲ. ಒಂದು ಸಂಸ್ಥಾನದ ತೀರ್ಪು ಪಕ್ಕದ ಸಂಸ್ಥಾನದಲ್ಲಿ ತಾನಾಗಿ ನಡೆಯದಿದ್ದಾಗ ಸಾಲ ಕೊಡುವವನು ಆ ಅಪಾಯವನ್ನೂ ಬಡ್ಡಿಯಲ್ಲಿ ಸೇರಿಸುತ್ತಾನೆ. 1948ರ ಮಾರ್ಚ್ 8ರಂದು ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ಇಡೀ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು.

ಸಾಲದ ಕಟ್ಟು ಸಡಿಲಿಸುವ ಒಂದು ದಾರಿ ಈ ವೇಳೆಗಾಗಲೇ ನೆರೆಯಲ್ಲಿ ತೆರೆದಿತ್ತು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿಪತ್ತಿನ ಸಹಕಾರ ಸಂಘ ಕಟ್ಟಿದರು. ಒಬ್ಬೊಬ್ಬರಾಗಿ ಜಾಮೀನು ಕೊಡಲಾಗದವರು ಒಟ್ಟಾಗಿ ಕೊಟ್ಟರೆ ಬಡ್ಡಿ ಇಳಿಯುತ್ತದೆ ಎಂಬುದು ಅದರ ತಿರುಳು. ನೇಕಾರರ ಊರುಗಳಲ್ಲೂ ಸಹಕಾರ ಸಂಘಗಳು ಎದ್ದವು. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಸ್ಥಾಪನೆಯಾಗಿ, ನೂಲು ಕೊಟ್ಟು ಬಟ್ಟೆ ಕೊಳ್ಳುವ ಕೆಲಸ ವಹಿಸಿಕೊಂಡಿತು. ಅಷ್ಟರಲ್ಲಿ ಪಾವರ್‌ಲೂಮ್ ಬಂದಿತ್ತು. ಒಬ್ಬ ಕೆಲಸಗಾರ ಹಲವು ಮಗ್ಗ ನೋಡಿಕೊಳ್ಳುವಾಗ ಒಂದು ಸೀರೆಯ ಕೂಲಿಖರ್ಚು ಇಳಿಯುತ್ತದೆ. ಕೈಮಗ್ಗ ಆ ದರಕ್ಕೆ ಇಳಿಯಲಾರದು. ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯಿದೆ ಬಂದರೂ ಬಿಗಿಯಾದ ತಪಾಸಣೆ ಇಲ್ಲದ ಕಡೆ ಕಾಯಿದೆಗಿಂತ ದರವೇ ಬಲವಾಯಿತು.

ಬೆಲ್ಲ ಇನ್ನೊಂದು ಕಥೆ. ಮಹಾಲಿಂಗಪುರದ ಬೆಲ್ಲದ ಪೇಟೆ ಉತ್ತರ ಕರ್ನಾಟಕದಲ್ಲಿ ಹೆಸರಾದದ್ದು. ಕಬ್ಬು ಬೆಳೆದವನು ಗಾಣದಲ್ಲಿ ಅರೆಸಿ, ಕಾಯಿಸಿ, ಪೆಂಟಿ ಕಟ್ಟಿ ಅಡತಿ ಅಂಗಡಿಗೆ ಒಯ್ದರೆ ಸವಾಲಿನಲ್ಲಿ ದರ ನಿಲ್ಲುತ್ತದೆ. ಆವಕ ಹೆಚ್ಚಿದ ದಿನ ದರ ಬೀಳುತ್ತದೆ. ಸಕ್ಕರೆ ಕಾರ್ಖಾನೆಗಳು ಬಂದ ಮೇಲೆ ಎರಡನೆಯ ಗಿರಾಕಿ ಸಿಕ್ಕಂತಾಯಿತು. ಗಿರಾಕಿಗಳು ಇಬ್ಬರಾದರೆ ಮಾರುವವನ ಬಲ ಹೆಚ್ಚುತ್ತದೆ. ಆದರೆ ಕಡಿದ ಕಬ್ಬು ಕಾಯುವುದಿಲ್ಲ, ಹೊತ್ತು ಕಳೆದಂತೆ ತೂಕವೂ ಸಿಹಿಯೂ ಇಳಿಯುತ್ತವೆ. ದೂರದ ಕಾರ್ಖಾನೆಗೆ ಸಾಗಿಸಿದರೆ ಗಾಡಿ ಬಾಡಿಗೆ ಲಾಭ ತಿನ್ನುತ್ತದೆ. ಕೊಳ್ಳುವವನ ಕೈ ಮೇಲಾಗುವ ಇಂಥ ಕಡೆ ಸರಕಾರ ದರ ಕಟ್ಟುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ 14 ದಿನಗಳಲ್ಲಿ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಿಸಬೇಕು. 2025–26ರ ಹಂಗಾಮಿಗೆ ಕೇಂದ್ರ ಸರಕಾರ ಶೇ. 10.25ರ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ ಗೊತ್ತುಮಾಡಿತು.

ಕಬ್ಬು ಬೇಡುವುದು ನೀರನ್ನು. ಹೊಳೆಗೆ ಒಡ್ಡು ಕಟ್ಟಿದರೆ ದಂಡೆಯ ಎಲ್ಲರಿಗೂ ಲಾಭ. ಕಟ್ಟಲು ಹಣ ಕೊಡದವನ ಪಂಪಿಗೂ ನೀರು ಸಿಗುತ್ತದೆ. ಹಾಗಿದ್ದರೆ ಕೊಡುವವರು ಯಾರು? ಎಲ್ಲರೂ ಇನ್ನೊಬ್ಬರತ್ತ ನೋಡುತ್ತ ಕುಳಿತರೆ ಒಡ್ಡು ಏಳುವುದೇ ಇಲ್ಲ. ಆದ್ದರಿಂದ ಇಂಥ ಸಾರ್ವಜನಿಕ ಸೊತ್ತನ್ನು ಸರಕಾರವೇ ಕಟ್ಟಬೇಕೆಂದು ಶಾಸ್ತ್ರ ಹೇಳುತ್ತದೆ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಅದಕ್ಕೆ ಹೊರತಾದ ಸಂಗತಿ ನಡೆಯಿತು. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾ ತೀರದ ರೈತರು ತಾವೇ ವಂತಿಗೆ ಹಾಕಿ, ತಾವೇ ಮೈಮುರಿದು ದುಡಿದು 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು. ಬ್ಯಾರೇಜು ಸಿದ್ದು ಎಂದೇ ಜನ ಕರೆದ ನ್ಯಾಮಗೌಡರು 1991ರಲ್ಲಿ ಬಾಗಲಕೋಟೆ ಲೋಕಸಭಾ ಕ್ಷೇತ್ರದಿಂದ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಗೆದ್ದರು.

ಇದು ಸಾಧ್ಯವಾದದ್ದು ಹೇಗೆಂದು ಯೋಚಿಸಿದರೆ ಶಾಸ್ತ್ರ ಸುಳ್ಳಾಗುವುದಿಲ್ಲ, ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದೇ ದಂಡೆಯ ಹಳ್ಳಿಗಳಲ್ಲಿ ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ತಪ್ಪಿಸಿಕೊಂಡವನು ನಾಳೆ ಅದೇ ಕಟ್ಟೆಯ ಮೇಲೆ ಕೂಡಬೇಕು, ಅದೇ ಮನೆಗಳಿಗೆ ಬೀಗನಾಗಿ ಹೋಗಬೇಕು. ನೀರು ಬಂದರೆ ಹೊಲದ ಬೆಲೆ ಏರುತ್ತದೆಂಬ ಲೆಕ್ಕವೂ ಪ್ರತಿಯೊಬ್ಬನಿಗೆ ತಿಳಿದಿತ್ತು. ಐನೂರ್ವರ ಸಂಘವನ್ನೂ ಕಣಗಿನಹಾಳದ ಪತ್ತನ್ನೂ ನಡೆಸಿದ ನಂಬಿಕೆಯೇ ಇಲ್ಲಿಯೂ ಬಂಡವಾಳವಾಯಿತು. ಈ ಸೀಮೆಯ ಆರ್ಥಿಕ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಾಧನೆ ಇನ್ನೊಂದಿಲ್ಲ. ಆದರೆ ನೀರು ಬಂದ ಕಡೆಯೆಲ್ಲ ಅದನ್ನು ಅಳೆದು ಬಳಸಲಿಲ್ಲ. ಮಿತಿಮೀರಿ ಹಾಯಿಸಿದ ಎರೆಹೊಲಗಳು ಸವಳು-ಜವಳಾಗಿ ಕೆಟ್ಟವು. ಮೇಲಿನ ಹೊಲದವನ ಅತಿನೀರಿನ ಕೇಡು ಕೆಳಗಿನ ಹೊಲದವನಿಗೆ ತಟ್ಟಿತು. ಮಾಡಿದವನ ಲೆಕ್ಕದಲ್ಲಿ ಬಾರದ ಇಂಥ ವೆಚ್ಚವನ್ನು ಬಾಹ್ಯ ಪರಿಣಾಮ ಎಂದು ಕರೆಯುತ್ತಾರೆ.

ಕೃಷ್ಣೆಗೇ ಅಡ್ಡಲಾಗಿ ಕಟ್ಟಿದ ಆಲಮಟ್ಟಿ ಅಣೆಕಟ್ಟು ಅವಕಾಶ ವೆಚ್ಚದ ಪ್ರಶ್ನೆಯನ್ನು ಹೊಲದಿಂದ ರಾಜ್ಯದ ಮಟ್ಟಕ್ಕೆ ಎತ್ತಿತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಅದರ ಅಡಿಗಲ್ಲು ಹಾಕಿದರು. 2000ದಲ್ಲಿ ಸುಪ್ರೀಂ ಕೋರ್ಟು ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರಕ್ಕೆ ಒಪ್ಪಿಗೆ ಕೊಟ್ಟಿತು. ಹಿನ್ನೀರಿನಲ್ಲಿ ಬೀಳಗಿ, ಬಾಗಲಕೋಟೆ, ಜಮಖಂಡಿ ಭಾಗದ ಹಳ್ಳಿಗಳೂ ಹೊಳೆಸಾಲಿನ ಫಲವತ್ತಾದ ಹೊಲಗಳೂ ಮುಳುಗಿದವು. ಕೆಳಗಿನ ಜಿಲ್ಲೆಗಳಿಗೆ ಹರಿದ ನೀರಿನ ಬೆಲೆಯಲ್ಲಿ ಒಂದು ಭಾಗವನ್ನು ಈ ಹಳ್ಳಿಗಳು ತೆತ್ತಿವೆ. ಹೊಲಕ್ಕೆ ದರ ಕಟ್ಟಬಹುದು. ನೆರೆಹೊರೆ, ಗಿರಾಕಿ, ಕೊಡುಕೊಳ್ಳುವ ರೂಢಿ ಎಲ್ಲ ಚದುರಿದ ಊರಿಗೆ ದರ ಕಟ್ಟುವ ವಿಧಾನ ಯಾವ ಸರಕಾರಕ್ಕೂ ಇನ್ನೂ ಸಿಕ್ಕಿಲ್ಲ. ಎತ್ತರವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣ 2010ರ ತೀರ್ಪಿನಲ್ಲಿ ಅವಕಾಶ ಕೊಟ್ಟಿದೆ. ಅದಕ್ಕಾಗಿ ಮುಳುಗುವ ಜಮೀನಿಗೆ ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ರೂಪಾಯಿ ಎಂದು ದರ ನಿಗದಿ ಮಾಡಿತು.